ಹಳೆಯ ಎಚಿಂಗ್ ಕೊಳ್ಳುವವರೇ, 'ಫ್ರೇಮ್ ಬಿಚ್ಚಬಾರದು' ಎನ್ನುವವರಿಂದ ದೂರವಿರಿ

ಆನ್‌ಲೈನ್‌ನಲ್ಲಿ ಯುರೋಪಿನ ಹಳೆಯ ಪ್ರಿಂಟ್‌ಗಳನ್ನು ಕೊಳ್ಳಬೇಕೆಂದಿರುವವರು ದಯವಿಟ್ಟು ಓದಿ. ಎಚಿಂಗ್ ಎಂದರೆ ತಾಮ್ರದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು, ಮಸಿ ತುಂಬಿ ಕಾಗದಕ್ಕೆ ಒತ್ತಿ ತೆಗೆದ ಚಿತ್ರ. 'ಜಾಕ್ ಕಾಲೋ, ಸೈನಿಕರ ಕವಾಯತು, 1635ರ ಮೂಲ ಎಚಿಂಗ್' ಎಂದು ವಿದೇಶದ ಮಾರಾಟಗಾರನೊಬ್ಬ ಹಾಕಿದ್ದ ಚಿತ್ರಕ್ಕೆ ಸುಮಾರು ನಲವತ್ತು ಸಾವಿರ ರೂಪಾಯಿ ತೆತ್ತೆ. ಕೈಗೆ ಬಂದದ್ದು ಈಚಿನ ಆಫ್‌ಸೆಟ್ ಪ್ರಿಂಟ್, ಅಂದರೆ ಚಿತ್ರವನ್ನು ಸಣ್ಣ ಚುಕ್ಕಿಗಳಾಗಿ ಒಡೆದು ಯಂತ್ರದಲ್ಲಿ ಅಚ್ಚು ಹಾಕಿದ ನಕಲು.

ಕಾಲೋ ನನಗೆ ಬಹಳ ಇಷ್ಟದ ಕಲಾವಿದ. ಈಗ ಫ್ರಾನ್ಸಿಗೆ ಸೇರಿದ ಲೊರೇನ್ ಸೀಮೆಯ ನಾನ್ಸಿಯಲ್ಲಿ 1592ರಲ್ಲಿ ಹುಟ್ಟಿದವನು, ಯುರೋಪಿನ ಮೂವತ್ತು ವರ್ಷಗಳ ಯುದ್ಧ (1618–1648) ನಡೆಯುತ್ತಿದ್ದಾಗಲೇ 1635ರಲ್ಲಿ ತೀರಿಕೊಂಡ. ಅವನ ಕವಾಯತಿನ ಮಾಲೆಯಲ್ಲಿ ಶೀರ್ಷಿಕೆಯದೂ ಸೇರಿ 13 ಚಿತ್ರಗಳಿವೆ. ಕೋವಿ ಹಿಡಿದವರು, ಮಾರುದ್ದದ ಈಟಿ ಚಾಚಿ ನಿಂತವರು, ನಗಾರಿ, ಫಿರಂಗಿ. ಒಂದೊಂದೂ ಅಂಗೈಯೊಳಗೆ ಕೂರುವಷ್ಟು ಚಿಕ್ಕದು. ಆದರೂ ಸಿಪಾಯಿ ಯಾವ ಕಾಲಿನ ಮೇಲೆ ಭಾರ ಹಾಕಿದ್ದಾನೆಂದು ಹೇಳಬಹುದು. ತಂತಿವಾದ್ಯ ಮಾಡುವವರ ಗಟ್ಟಿ ವಾರ್ನಿಷನ್ನು ತಾಮ್ರದ ತಗಡಿಗೆ ಬಳಿದು, ಓರೆ ತುದಿಯ ಉಳಿಯಿಂದ ಗೀರಿ, ಆಮ್ಲದಲ್ಲಿ ಕೊರೆಯಿಸುತ್ತಿದ್ದ. ಸಪೂರ ಶುರುವಾದ ಗೆರೆ ನಡುವೆ ಉಬ್ಬಿ ಮತ್ತೆ ಸಪೂರವಾಗುವುದು ಆ ಉಳಿಯ ಗುಣ.

ನನಗೆ ಬಂದ ಚಿತ್ರ ಗಾಜಿನ ಫ್ರೇಮಿನಲ್ಲಿತ್ತು. ಸುತ್ತಲಿನ ರಟ್ಟು ಚಿತ್ರದ ಅಂಚಿನವರೆಗೂ ಮುಚ್ಚಿತ್ತು, ಹಿಂಬದಿಗೆ ಹಳೆಯದರಂತೆ ಕಾಣುವ ಕಂದು ಕಾಗದ ಅಂಟಿಸಿದ್ದರು. ಜೊತೆಗೊಂದು ಪ್ರಮಾಣಪತ್ರ, ಅದಕ್ಕೆ ಸಹಿ ಹಾಕಿದವನು ಮಾರಿದವನೇ! ಫ್ರೇಮ್ ಬಿಚ್ಚಿದರೆ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬುದು ಷರತ್ತು. ಪಾರ್ಸೆಲ್ ಮೇಲಿನ ಕಸ್ಟಮ್ಸ್ ಚೀಟಿಯಲ್ಲಿ ಮಾತ್ರ 'ಅಲಂಕಾರದ ಮುದ್ರಿತ ಚಿತ್ರ' ಎಂದಿತ್ತು.

ವಿಡಿಯೊ ಮಾಡಿಕೊಳ್ಳುತ್ತಲೇ ಬಿಚ್ಚಿದೆ. ಭೂತಗನ್ನಡಿ ಇಟ್ಟು ನೋಡಿದರೆ ಈಟಿಯ ಗೆರೆ ಗೆರೆಯಾಗಿಯೇ ಇರಲಿಲ್ಲ, ಸಾಲು ಸಾಲು ಚುಕ್ಕಿ. ತಾಮ್ರದ ತಗಡಿನಿಂದ ಒತ್ತಿದ್ದರೆ ಮಸಿ ಕಾಗದದಿಂದ ಕೂದಲೆಳೆಯಷ್ಟು ಎದ್ದಿರಬೇಕು, ಟಾರ್ಚನ್ನು ಪಕ್ಕದಿಂದ ಹಿಡಿದರೆ ಅದು ತಿಳಿಯುತ್ತದೆ. ಇಲ್ಲಿ ಮೇಲ್ಮೈ ಪೂರ್ತಿ ಸಪಾಟು. ಬೆಳಕಿಗೆ ಎತ್ತಿ ಹಿಡಿದರೂ ಕಾಗದ ತಯಾರಿಸುವ ಅಚ್ಚಿನ ತಂತಿಗಳ ಸಾಲುಗೆರೆ ಕಾಣಲಿಲ್ಲ; ಆ ಕಾಲದ ಕೈಕಾಗದದಲ್ಲಿ ಅವು ಇರಲೇಬೇಕು. ಕೊನೆಗೆ ನೋಟು ಪರೀಕ್ಷಿಸುವ ಯುವಿ ಟಾರ್ಚ್ ಬಿಟ್ಟೆ. ಕಾಗದ ನೀಲಿಬಿಳುಪಾಗಿ ಝಗ್ಗೆಂದಿತು. ಹಾಗೆ ಹೊಳೆಯಿಸುವ ರಾಸಾಯನಿಕ ಕಾಗದಕ್ಕೆ ಬಂದದ್ದೇ 20ನೇ ಶತಮಾನದಲ್ಲಿ.

ದೂರು ಕೊಟ್ಟೆ. 'ಷರತ್ತು ಮುರಿದಿದ್ದೀರಿ' ಎಂಬ ಒಂದೇ ಉತ್ತರ. ಕಾರ್ಡ್ ಕೊಟ್ಟ ಬ್ಯಾಂಕಿಗೆ ವಿಡಿಯೊ ಸಮೇತ ತಕರಾರು ಸಲ್ಲಿಸಿದ್ದೇನೆ, ಇನ್ನೂ ಇತ್ಯರ್ಥವಾಗಿಲ್ಲ. ಈ ನಡುವೆ ಆ ಮನುಷ್ಯ ಅದೇ ಫೋಟೊ ಹಾಕಿ ಇನ್ನೊಂದು 'ಮೂಲ' ಪ್ರತಿಯನ್ನು ಮಾರಾಟಕ್ಕಿಟ್ಟಿದ್ದಾನೆ. ಅದಕ್ಕೇ ಇಷ್ಟು ಬರೆಯುತ್ತಿರುವುದು.

ಹಣ ಕಳಿಸುವ ಮೊದಲು ಫ್ರೇಮಿನಿಂದ ಹೊರತೆಗೆದ ಹಾಳೆಯ ಎರಡೂ ಬದಿಯ ಫೋಟೊ, ಪಕ್ಕದಲ್ಲಿ ಸ್ಕೇಲ್ ಇಟ್ಟು ಅಳತೆ, ತಗಡು ಒತ್ತಿದ ಅಂಚಿನ ಗುರುತು, ಒಂದಿಂಚು ಭಾಗದ ಹತ್ತಿರದ ಚಿತ್ರ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡಿ. ಅಂಚಿನ ಗುರುತೊಂದನ್ನೇ ನಂಬಲೂಬೇಡಿ, ಅದನ್ನು ಆಮೇಲೂ ಒತ್ತಬಹುದು. ತಗಡು ನಿಜವಾದದ್ದೇ ಆಗಿ, ಒತ್ತಿದ್ದು ಎಷ್ಟೋ ಕಾಲದ ನಂತರ ಎಂಬುದೂ ಉಂಟು. ಕಾಲೋನ ಅನೇಕ ತಾಮ್ರದ ತಗಡುಗಳು ಇವತ್ತಿಗೂ ನಾನ್ಸಿಯ ಮ್ಯೂಸಿಯಂನಲ್ಲಿವೆ. ದೊಡ್ಡ ಮ್ಯೂಸಿಯಂಗಳು ಅವನ ಪ್ರಿಂಟ್‌ಗಳ ಸ್ಪಷ್ಟ ಚಿತ್ರಗಳನ್ನು ಅಳತೆ ಸಮೇತ ಉಚಿತವಾಗಿ ಇಟ್ಟಿವೆ. ಮಾರುವವನ ಫೋಟೊವನ್ನು ಅದರ ಪಕ್ಕದಲ್ಲಿಟ್ಟು ಗೆರೆಗೆ ಗೆರೆ ಹೋಲಿಸಿ ನೋಡಿ.