ಶುಗರ್ ಕಾಲಿನ ಗಾಯಕ್ಕೆ ವ್ಯಾಕ್ ಮಿಷಿನ್: ನಾಲ್ಕು ವಾರ ಕಟ್ಟಿಕೊಂಡಿದ್ದೆ, ಈಗ ಒಂದು ವರ್ಷ ದಾಟಿತು

ನನಗೆ ಶುಗರ್ ಬಂದು ಹದಿನಾರು ವರ್ಷ. ತೀರ್ಥಹಳ್ಳಿ ಕಡೆ ಅಡಿಕೆ ತೋಟ ಇದೆ. ಹೋದ ವರ್ಷ ಮಳೆಗಾಲದಲ್ಲಿ ತೋಟದಿಂದ ನೆನೆದು ಬಂದವನು ಬಚ್ಚಲೊಲೆ ಮುಂದೆ ಕಾಲು ಕಾಯಿಸುತ್ತಾ ಕೂತೆ. ನಮ್ಮ ಕಡೆ ಎಲ್ಲರೂ ಮಾಡುವುದೇ ಅಲ್ವಾ. ಶುಗರಿಗೆ ಕಾಲು ಮರಗಟ್ಟಿದ್ದರಿಂದ ಬಲಗಾಲಿನ ಅಂಚು ಸುಟ್ಟು ಬೊಬ್ಬೆ ಎದ್ದಿದ್ದು ನನಗೆ ಗೊತ್ತೇ ಆಗಲಿಲ್ಲ, ಮರುದಿನ ನಮ್ಮನೆಯವಳು ನೋಡಿ ಹೇಳಿದ್ದು. ನೋವಿಲ್ಲವಲ್ಲ ಅಂತ ಅರಿಶಿನ ಹಚ್ಚಿಕೊಂಡು ಹತ್ತು ದಿನ ಓಡಾಡಿದೆ. ಆಮೇಲೆ ಕೀವು, ಚಳಿಜ್ವರ. ಕಿರುಬೆರಳು ಕಪ್ಪಾಯಿತು. ಶಿವಮೊಗ್ಗದಲ್ಲಿ ಆ ಬೆರಳನ್ನೂ ಅದರ ಹಿಂದಿನ ಎಲುಬನ್ನೂ ತೆಗೆದರು. ಉಳಿದಿದ್ದು ಅಂಗೈಯಷ್ಟು ಅಗಲದ ತೆರೆದ ಗಾಯ.

ಅದಕ್ಕೆ ಹಾಕಿದ್ದು ವ್ಯಾಕ್ ಡ್ರೆಸ್ಸಿಂಗ್. ಕಪ್ಪು ಸ್ಪಂಜನ್ನು ಗಾಯದ ಆಕಾರಕ್ಕೆ ಕತ್ತರಿಸಿ ಒಳಗಿಡುತ್ತಾರೆ. ಮೇಲೆ ಅಂಟುವ ತೆಳು ಪ್ಲಾಸ್ಟಿಕ್ ಹಾಳೆ. ಅದಕ್ಕೊಂದು ತೂತು, ತೂತಿಗೆ ಪೈಪು, ಪೈಪಿನ ಆ ತುದಿಗೆ ಡಬ್ಬಿ ಇರುವ ಪುಟ್ಟ ಮಿಷಿನ್. ಆನ್ ಮಾಡಿದ ಕೂಡಲೇ ಗಾಳಿ ಎಳೆದುಕೊಂಡು ಸ್ಪಂಜು ಸುಕ್ಕುಗಟ್ಟಿ ಗಟ್ಟಿಯಾಗುತ್ತದೆ. ನನಗೆ ಇಟ್ಟಿದ್ದು ಮೈನಸ್ 125, ಬಿಪಿ ಅಳೆಯುವ ಅದೇ ಅಳತೆಯಲ್ಲಿ. ಗಾಯದ ನೀರೆಲ್ಲ ಡಬ್ಬಿಗೆ ಹೋಗುತ್ತದೆ, ಬಾವು ಇಳಿಯುತ್ತದೆ, ಆ ಎಳೆತಕ್ಕೆ ತಳದಿಂದ ಹೊಸ ಕೆಂಪು ಮಾಂಸ ಬೆಳೆಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ಎಲ್ಲ ಬಿಚ್ಚಿ ಹೊಸದು ಹಾಕಬೇಕು.

ಹಾಕುವ ಮೊದಲು ಡಾಕ್ಟರು ಎರಡು ಕೆಲಸ ಮಾಡಿದರು. ಡಾಪ್ಲರ್ ಇಟ್ಟು ಪಾದಕ್ಕೆ ರಕ್ತ ಸರಿಯಾಗಿ ಬರುತ್ತಿದೆಯಾ ಅಂತ ನೋಡಿದರು. ಸತ್ತ ಮಾಂಸವನ್ನೆಲ್ಲ ಕತ್ತರಿಸಿ ತೆಗೆದರು. "ಯಜಮಾನ್ರೇ, ರಕ್ತ ಬರದ ಕಾಲಿಗೆ, ಕೊಳೆತ ಮಾಂಸದ ಮೇಲೆ ಇದನ್ನು ಹಾಕಿದರೆ ದುಡ್ಡು ದಂಡ" ಅಂದರು. ಎಲುಬಿನಲ್ಲಿ ಸೋಂಕು ಉಳಿದಿದ್ದರೂ ಹಾಕುವ ಹಾಗಿಲ್ಲವಂತೆ. ನಿಮಗೆ ಈ ಪರೀಕ್ಷೆ ಮಾಡದೆ ಯಾರಾದರೂ ಸೀದಾ ಮಿಷಿನ್ ಹಾಕೋಣ ಅಂದರೆ, ಪರೀಕ್ಷೆ ಯಾಕೆ ಮಾಡಿಲ್ಲ ಅಂತ ದಯವಿಟ್ಟು ಕೇಳಿ.

ಮೊದಲ ವಾರ ಆಸ್ಪತ್ರೆಯಲ್ಲೇ ಇದ್ದೆ. ಅಲ್ಲಿನ ಸಿಸ್ಟರ್ ಒಬ್ಬರ ಕೈಗುಣವನ್ನು ನಾನು ಮರೆಯುವುದಿಲ್ಲ. ಪೈಪು ಹಾಳೆಗೆ ಅಂಟುವ ಕಡೆ ಇರುವ ಬಿಲ್ಲೆ ಪಾದದ ಅಡಿಗೆ ಬಂದರೆ ಒತ್ತಿ ಇನ್ನೊಂದು ಗಾಯ ಆಗುತ್ತದೆ ಅಂತ, ಸ್ಪಂಜಿನ ಒಂದು ಪಟ್ಟಿಯನ್ನು ಪಾದದ ಮೇಲ್ಭಾಗಕ್ಕೆ ತಂದು ಅಲ್ಲಿ ಪೈಪು ಕೂರಿಸುತ್ತಿದ್ದರು. ಒಳಗೆ ಎಷ್ಟು ತುಂಡು ಸ್ಪಂಜು ಇಟ್ಟಿದ್ದಾರೆ ಅಂತ ಪ್ಲಾಸ್ಟಿಕ್ ಮೇಲೆ ಪೆನ್ನಿನಲ್ಲಿ ಬರೆಯುತ್ತಿದ್ದರು, ಬಿಚ್ಚುವಾಗ ಒಂದೂ ಒಳಗೆ ಉಳಿಯಬಾರದಲ್ಲ. ಬಿಚ್ಚುವ ಮೊದಲು ಸಲೈನ್ ಬಿಟ್ಟು ಸ್ವಲ್ಪ ಹೊತ್ತು ನೆನೆಸುತ್ತಿದ್ದರು. ಹಾಗೆ ಮಾಡದಿದ್ದರೆ ಹೊಸ ಮಾಂಸ ಸ್ಪಂಜಿಗೆ ಅಂಟಿ ಕಿತ್ತು ಬರುತ್ತದೆ.

ಎರಡನೇ ವಾರ ಮಿಷಿನ್ ಬಾಡಿಗೆಗೆ ಪಡೆದು ಮನೆಗೆ ಬಂದೆ. ಕಷ್ಟ ಶುರುವಾಗಿದ್ದೇ ಇಲ್ಲಿ. ಆಷಾಢದ ಮಳೆ, ಮನೆಯೆಲ್ಲ ಥಂಡಿ. ಬೆರಳುಗಳ ಸಂದಿಯಲ್ಲಿ ಹಾಳೆ ಅಂಟಿ ನಿಲ್ಲುವುದೇ ಇಲ್ಲ. ರಾತ್ರಿ ಎರಡು ಗಂಟೆಗೆ ಲೀಕ್ ಅಂತ ಅಲಾರಂ ಹೊಡೆಯುತ್ತದೆ. ನಮ್ಮನೆಯವಳು ಕಿವಿ ಹತ್ತಿರ ಇಟ್ಟು ಸುಯ್ ಅನ್ನುವ ಜಾಗ ಹುಡುಕಿ ಅದರ ಮೇಲೆ ಇನ್ನೊಂದು ಚೂರು ಹಾಳೆ ಅಂಟಿಸುತ್ತಿದ್ದಳು.

ಒಂದು ರಾತ್ರಿ ಗಾಳಿಗೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಬ್ಯಾಟರಿ ಮುಗಿದು ಮಿಷಿನ್ ನಿಂತಿತು. ಬೆಳಗ್ಗೆ ನೋಡಿದರಾಯಿತು ಅಂತ ನಾವು ಮಲಗಿದೆವು. ಮಿಷಿನ್ ಎರಡು ಗಂಟೆಗಿಂತ ಜಾಸ್ತಿ ನಿಂತರೆ ಸ್ಪಂಜು ಪೂರ್ತಿ ತೆಗೆದು ಒದ್ದೆ ಗಾಜ್ ಬಟ್ಟೆ ಇಟ್ಟು ಕಟ್ಟಬೇಕು, ಕೊಳೆ ನೀರು ಒಳಗೇ ಮುಚ್ಚಿಕೊಂಡು ಕೂತರೆ ಸೋಂಕು ಏರುತ್ತದೆ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಬಾಡಿಗೆಯವರು ಇಂಗ್ಲಿಷಿನ ಒಂದು ಕಾಗದ ಕೊಟ್ಟು ಹೋಗಿದ್ದರು, ಅಷ್ಟೇ. ಅರವತ್ತು ಕಿಲೋಮೀಟರ್ ದಾಟಿ ಶಿವಮೊಗ್ಗ ಮುಟ್ಟುವಾಗ ಮಧ್ಯಾಹ್ನ. ಬಿಚ್ಚಿದರೆ ವಾಸನೆ. ಕೆಂಪಾಗಿದ್ದ ಮಾಂಸ ಬೂದಿ ಬಣ್ಣಕ್ಕೆ ತಿರುಗಿತ್ತು. ಇನ್ನೊಂದು ಸಲ ಓಟಿಗೆ ಹೋಗಬೇಕಾಯಿತು. ಆ ಸಿಟ್ಟು ಇವತ್ತಿಗೂ ನನಗೆ ಇಳಿದಿಲ್ಲ.

ಅದಾದ ಮೇಲೆ ಇನ್ವರ್ಟರ್ ಹಾಕಿಸಿದೆವು. ಸ್ಪಂಜು ತೆಗೆದು ಗಾಜ್ ಕಟ್ಟುವುದನ್ನು ಮಗ ಸಿಸ್ಟರ್ ಹತ್ತಿರ ಕಲಿತ. ಪೈಪಿನಲ್ಲಿ ಹಸಿ ಕೆಂಪು ರಕ್ತ ಹರಿದರೆ ಆಫ್ ಮಾಡಿ ಒತ್ತಿ ಹಿಡಿದು ಕೂಡಲೇ ಹೊರಡಬೇಕು ಅಂತಲೂ ಅವರೇ ಹೇಳಿದ್ದು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಇದನ್ನು ನೆನಪಿಡಿ.

ಖರ್ಚು ಜಾಸ್ತಿಯೇ. ನಮಗೆ ಒಂದು ಸಲದ ಸಾಮಾನಿಗೆ ನಾಲ್ಕು ಸಾವಿರದ ಆಸುಪಾಸು ಆಯಿತು. ಮಿಷಿನ್ ಬಾಡಿಗೆ ಬೇರೆ, ಕಾರಿಗೆ ಬೇರೆ. ಇಷ್ಟಕ್ಕೆ ಫಲ ಇದೆಯಾ? 2005ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನವನ್ನು ಮಗ ಓದಿ ಹೇಳಿದ. ನನ್ನ ಹಾಗೆ ಪಾದದ ಭಾಗ ತೆಗೆಸಿಕೊಂಡ 162 ಶುಗರ್ ರೋಗಿಗಳು. ಹದಿನಾರು ವಾರದಲ್ಲಿ ಈ ಮಿಷಿನ್ ಹಾಕಿದವರಲ್ಲಿ ನೂರಕ್ಕೆ 56 ಜನರಿಗೆ ವಾಸಿಯಾಗಿತ್ತು, ಬರೀ ಡ್ರೆಸ್ಸಿಂಗ್‌ನವರಲ್ಲಿ 39. ಆ ಅಧ್ಯಯನಕ್ಕೆ ದುಡ್ಡು ಕೊಟ್ಟಿದ್ದು ಮಿಷಿನ್ ಮಾಡುವ ಕಂಪನಿಯೇ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಮಿಷಿನ್ ಹಾಕಿಯೂ ವಾಸಿಯಾಗದವರು ಎಷ್ಟೋ ಜನ ಇದ್ದರು ಅನ್ನುವುದನ್ನೂ. ನನ್ನ ಮಟ್ಟಿಗೆ ನಾಲ್ಕು ವಾರದಲ್ಲಿ ಗುಂಡಿ ತುಂಬಿತು, ಆಮೇಲೆ ತೊಡೆಯ ಚರ್ಮ ತೆಗೆದು ಮುಚ್ಚಿದರು. ಆದರೆ ಆ ಅಷ್ಟೂ ದಿನ ನಾನು ಕಾಲು ನೆಲಕ್ಕೆ ಊರಲಿಲ್ಲ, ಇನ್ಸುಲಿನ್ ಒಂದು ಹೊತ್ತೂ ತಪ್ಪಿಸಲಿಲ್ಲ. ಇವೆರಡನ್ನು ಬಿಟ್ಟು ಬರೀ ಮಿಷಿನ್ ನಂಬಿದ್ದರೆ ವಾಸಿಯಾಗುತ್ತಿತ್ತು ಅಂತ ನನಗೆ ಅನಿಸುವುದಿಲ್ಲ.

ಈಗ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ಇಲ್ಲದೆ ಅಂಗಳಕ್ಕೂ ಇಳಿಯುವುದಿಲ್ಲ. ಬಚ್ಚಲೊಲೆ ಹತ್ತಿರ ಕಾಲು ಚಾಚುವುದಿಲ್ಲ. ರಾತ್ರಿ ನಮ್ಮನೆಯವಳು ಟಾರ್ಚ್ ಹಿಡಿದು ಎರಡೂ ಪಾದ ನೋಡುತ್ತಾಳೆ. ಹೊಸ ಚರ್ಮ ಬೇಸಿಗೆಯಲ್ಲಿ ಒಂದು ಸಲ ಬಿರುಕು ಬಿಟ್ಟಿತ್ತು, ಬೇಗ ತೋರಿಸಿದ್ದಕ್ಕೆ ಹಾಗೇ ಕೂಡಿಕೊಂಡಿತು.

ನಮ್ಮ ಮಲೆನಾಡಿನಲ್ಲಿ ಇದನ್ನು ಬಾಡಿಗೆಗೆ ತರುವವರು ಮಿಷಿನ್ ತಂದ ಹುಡುಗ ಎದುರಿಗೆ ಇರುವಾಗಲೇ ಪ್ಲಗ್ ಕಿತ್ತು ಬ್ಯಾಟರಿ ಓಡುತ್ತದಾ ನೋಡಿ, ಎಷ್ಟು ಗಂಟೆ ಬರುತ್ತದೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ರಾತ್ರಿ ಫೋನ್ ಎತ್ತುವವರ ನಂಬರ್ ಯಾವುದು ಅಂತಲೂ ಕೇಳಿ.