ರೌಟರ್ ಸೆಟ್ಟಿಂಗ್ಸ್‌ಗೆ ಆಪ್, ಬ್ರೌಸರ್, ರಿಸೆಟ್ ಬಟನ್: ಮೂರೂ ನೋಡಿದ್ಮೇಲೆ ನನ್ನ ವೋಟು ಕೇಬಲ್ ಹಾಕಿದ ಬ್ರೌಸರ್‌ಗೆ

ಮೊದಲೇ ಹೇಳ್ಬಿಡ್ತೀನಿ, ನಾನು ಬ್ರೌಸರ್ ಕಡೆಯವನು. ಹೊಸ ರೌಟರ್ ತಗೊಂಡಾಗ ಆಪ್‌ನಲ್ಲೇ ಸೆಟಪ್ ಮಾಡ್ದೆ, ಚೆನ್ನಾಗೇ ಆಯ್ತು. ವೈಫೈ ಹೆಸರು ಪಾಸ್‌ವರ್ಡ್ ಬದಲಾಯಿಸೋದು, ಯಾವ್ಯಾವ ಫೋನ್ ಕನೆಕ್ಟ್ ಆಗಿದೆ ಅಂತ ನೋಡೋದು, ಇಷ್ಟಕ್ಕೆ ಆಪ್ ನಿಜಕ್ಕೂ ಸಲೀಸು.

ತೊಂದರೆ ಶುರುವಾಗಿದ್ದು ನೆಟ್ ಹೋದಾಗ. ವೈಫೈ ಸಿಗ್ನಲ್ ಫುಲ್ ಇದೆ, ನೆಟ್ ಮಾತ್ರ ಇಲ್ಲ. ಆಪ್ ತೆಗೆದ್ರೆ ಡಿವೈಸ್ ಆಫ್‌ಲೈನ್ ಅಂತ ತೋರಿಸ್ತು, ರೌಟರ್ ನೋಡಿದ್ರೆ ಕಣ್ಣೆದುರಿಗೇ ದೀಪ ಉರೀತಾ ಕೂತಿದೆ! ಕಾರಣ ಏನಂದ್ರೆ ಆ ಆಪ್ ರೌಟರ್ ಜೊತೆ ನೇರವಾಗಿ ಮಾತಾಡಲ್ಲ, ಕಂಪನಿ ಸರ್ವರ್ ಸುತ್ತಿಕೊಂಡು ಬರುತ್ತೆ, ಲಾಗಿನ್ ಆಗೋದೂ ಅಲ್ಲೇ. ರೌಟರ್‌ಗೇ ನೆಟ್ ಇಲ್ಲ ಅಂದ್ಮೇಲೆ ಸರ್ವರ್‌ಗೆ ಅದು ಕಾಣೋದಾದ್ರೂ ಹೇಗೆ? ಸರಿ ಮಾಡ್ಬೇಕಾದ ಹೊತ್ತಲ್ಲೇ ಕೈಕೊಡ್ತು. ಎಲ್ಲಾ ಆಪೂ ಹೀಗಿಲ್ಲ, ಕೆಲವು ಅದೇ ವೈಫೈನಲ್ಲಿದ್ರೆ ನೇರವಾಗಿ ಕನೆಕ್ಟ್ ಆಗುತ್ವೆ, ತಗೊಳ್ಳೋ ಮುಂಚೆ ಇದೊಂದು ವಿಚಾರಿಸ್ಕೊಳ್ಳಿ.

ಸರಿ ಅಂತ ಸೆಟ್ಟಿಂಗ್ಸ್ ಪೇಜ್ ತೆಗೆಯೋಕೆ ಫೋನ್ ಬ್ರೌಸರ್‌ನಲ್ಲಿ ರೌಟರ್ ಅಡ್ರೆಸ್ 192.168.1.1 ಹಾಕಿದ್ರೆ ಅದೂ ಸುತ್ತುತ್ತಾನೇ ಇತ್ತು. ಇಲ್ಲಿ ಬೇರೆ ಕಥೆ. ಈ ವೈಫೈನಲ್ಲಿ ನೆಟ್ ಇಲ್ಲ ಅಂತ ಗೊತ್ತಾದ ತಕ್ಷಣ ಫೋನ್ ತಾನಾಗೇ ಮೊಬೈಲ್ ಡೇಟಾಗೆ ಹೋಗ್ಬಿಟ್ಟಿರುತ್ತೆ. 192.168 ಅಂತ ಶುರುವಾಗೋ ಅಡ್ರೆಸ್‌ಗಳೆಲ್ಲ ಮನೆ ಆಫೀಸಿನ ಒಳಗಿನ ಬಳಕೆಗೆ ಅಂತ ಮೀಸಲಿಟ್ಟಿರೋವು, ಮೊಬೈಲ್ ಡೇಟಾ ಕಡೆಯಿಂದ ಹುಡುಕಿದ್ರೆ ನಿಮ್ಮ ರೌಟರ್ ಸಿಗೋದೇ ಇಲ್ಲ. ಮೊಬೈಲ್ ಡೇಟಾ ಆಫ್ ಮಾಡಿ, ವಿಪಿಎನ್ ಇದ್ರೆ ಅದನ್ನೂ ಆಫ್ ಮಾಡಿ, ಇಂಟರ್ನೆಟ್ ಇಲ್ಲ, ಆದ್ರೂ ಈ ವೈಫೈನಲ್ಲೇ ಇರ್ಬೇಕಾ ಅಂತ ಕೇಳಿದ್ರೆ ಹೌದು ಅನ್ನಿ. ಆಮೇಲೆ ಪೇಜ್ ಬರುತ್ತೆ.

ಲ್ಯಾಪ್‌ಟಾಪ್‌ಗೆ ಕೇಬಲ್ ಚುಚ್ಚಿ, ಅದರ ವೈಫೈ ಆಫ್ ಮಾಡಿದ್ರೆ ಈ ಗೋಳು ಯಾವುದೂ ಇಲ್ಲ. ಅಡ್ರೆಸ್ ಗೊತ್ತಿಲ್ಲ ಅಂದ್ರೆ ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಐಪಿಕಾನ್ಫಿಗ್ (ipconfig) ಅಂತ ಟೈಪ್ ಮಾಡಿ ಎಂಟರ್ ಕೊಡಿ, ಡಿಫಾಲ್ಟ್ ಗೇಟ್‌ವೇ ಎದುರಿಗಿರೋದೇ ರೌಟರ್ ಅಡ್ರೆಸ್. ಲ್ಯಾಪ್‌ಟಾಪ್‌ಗೆ 169.254 ಅಂತ ಶುರುವಾಗೋ ಐಪಿ ಬಂದಿದ್ರೆ ರೌಟರ್ ಅದಕ್ಕೆ ಅಡ್ರೆಸ್ಸೇ ಕೊಟ್ಟಿಲ್ಲ ಅಂತ ಅರ್ಥ, ಕೇಬಲ್ ವ್ಯಾನ್ (WAN) ಪೋರ್ಟ್‌ನಲ್ಲಿದೆಯಾ ಲ್ಯಾನ್ (LAN) ಪೋರ್ಟ್‌ನಲ್ಲಿದೆಯಾ ಮೊದಲು ನೋಡಿ, ವ್ಯಾನ್ ಹೊರಗಿಂದ ಬರೋ ನೆಟ್ ಲೈನಿಗೆ, ಲ್ಯಾಪ್‌ಟಾಪ್ ಕೇಬಲ್ ಲ್ಯಾನ್‌ನಲ್ಲಿರ್ಬೇಕು. ಮೋಡೆಮ್ಮೂ ರೌಟರ್ರೂ ಎರಡೂ 192.168.1.1 ಆಗಿದ್ರೆ ಒಂದಕ್ಕೊಂದು ಅಡ್ಡ ಬರುತ್ವೆ, ರೌಟರ್‌ದನ್ನ 192.168.2.1 ಮಾಡ್ಕೊಳ್ಳಿ.

ನನಗೆ ಇಷ್ಟ ಆಗಿದ್ದು ಬ್ರೌಸರ್ ಪೇಜಲ್ಲಿರೋ ಸಿಸ್ಟಮ್ ಲಾಗ್, ಅಂದ್ರೆ ರೌಟರ್ ತನಗೇನಾಯ್ತು ಅಂತ ಬರೆದಿಡೋ ಪಟ್ಟಿ. ಆಪ್‌ನಲ್ಲಿ ಬರೀ ಕೆಂಪು ಗುರುತು, ಇಲ್ಲಿ ಪಿಪಿಪಿಒಇ (PPPoE) ಅಥೆಂಟಿಕೇಶನ್ ಫೇಲ್ ಅಂತ ಸಾಲು ಸಾಲಾಗಿ ಬರೆದಿತ್ತು, ಅಂದ್ರೆ ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು ರೌಟರ್ ನೆಟ್ ಕಂಪನಿಗೆ ಲಾಗಿನ್ ಆಗೋದೇ ಫೇಲ್. ಅದನ್ನೇ ಇಂಟರ್ನೆಟ್ ಸರ್ವೀಸ್‌ನವರಿಗೆ ಓದಿ ಹೇಳಿದ್ಮೇಲೆ, ಅವರ ಕಡೆ ಲಾಕ್ ಆಗಿದ್ದ ಅಕೌಂಟ್ ಬಿಡಿಸಿಕೊಟ್ರು. ರೌಟರ್ ಆಫ್ ಆನ್ ಮಾಡಿ ಅನ್ನೋ ಮಾತೇ ಬರ್ಲಿಲ್ಲ.

ರಿಸೆಟ್ ಬಟನ್? ಸೆಟ್ಟಿಂಗ್ಸ್ ಪೇಜ್ ಕೇಳೋ ಅಡ್ಮಿನ್ ಪಾಸ್‌ವರ್ಡ್ ಪೂರ್ತಿ ಮರೆತಾಗ ಮಾತ್ರ. ಪಿನ್ ಹಾಕಿ ಒತ್ತಿ ಹಿಡಿದ್ರೆ ಪಿಪಿಪಿಒಇ ಯೂಸರ್‌ನೇಮ್ ಸಮೇತ ಎಲ್ಲಾ ಅಳಿಸಿ ಹೋಗುತ್ತೆ, ಇದ್ದ ಸಮಸ್ಯೆ ಜೊತೆಗೆ ಇನ್ನೊಂದು. ಈಗ್ಲೇ ಬ್ರೌಸರ್ ಪೇಜಿಂದ ಸೆಟ್ಟಿಂಗ್ಸ್ ಬ್ಯಾಕಪ್ ಫೈಲ್ ಇಳಿಸಿಟ್ಕೊಳ್ಳಿ.

ಫರ್ಮ್‌ವೇರ್ (ರೌಟರ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟೂ ಕೇಬಲ್‌ನಲ್ಲೇ ಮಾಡಿ, ಅರ್ಧದಲ್ಲಿ ವೈಫೈ ಕಟ್ ಆಗೋ ಭಯ ಇರಲ್ಲ.

ನನ್ನ ಹತ್ರ ಹಳೇ ಲ್ಯಾಪ್‌ಟಾಪ್ ಇತ್ತು, ಕೇಬಲ್ ರೌಟರ್ ಬಾಕ್ಸಲ್ಲೇ ಬಂದಿತ್ತು, ಎಕ್ಸ್‌ಟ್ರಾ ಖರ್ಚು ಏನೂ ಆಗ್ಲಿಲ್ಲ, ಲಾಗ್ ಓದೋದು ನಂಗೆ ಮೊದಲಿಂದ್ಲೂ ಅಭ್ಯಾಸ, ಹಾಗಾಗಿ ಆಪ್ ಈಗ ಗೆಸ್ಟ್ ವೈಫೈ ಆನ್ ಮಾಡೋಕೆ ಮಾತ್ರ. ಮನೇಲಿ ಬರೀ ಫೋನ್‌ಗಳೇ ಇದ್ರೆ ಬ್ರೌಸರ್ ಪೇಜ್ ಇರೋ ರೌಟರ್‌ನೇ ತಗೊಳ್ಳಿ, ಆಪ್ ಬಿಟ್ರೆ ಬೇರೆ ದಾರಿನೇ ಇಲ್ದಿರೋ ಮೆಶ್ ಸೆಟ್‌ಗಳೂ (ಮನೆಯಲ್ಲಿ ಅಲ್ಲಲ್ಲಿಟ್ಟು ಒಂದೇ ವೈಫೈ ಹರಡೋ ಪೆಟ್ಟಿಗೆಗಳು) ಇವೆ.