ಹೆಸರೊಂದು, ಗಿಡ ಎರಡು: ಆನ್‌ಲೈನ್‌ನಲ್ಲಿ ತರಿಸಿದ ಹಾರ್ನ್‌ವರ್ಟ್

ಮೀನಿನ ತೊಟ್ಟಿಗೆಂದು ಆನ್‌ಲೈನ್ ಮಾರಾಟಗಾರರೊಬ್ಬರಿಂದ ಹಾರ್ನ್‌ವರ್ಟ್ ಗಿಡದ ಒಂದು ಕಟ್ಟನ್ನು ತರಿಸಿಕೊಂಡು ಎರಡು ತಿಂಗಳಾಯಿತು. ಗಿಡದ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ. ಅದರ ಜೊತೆ ಬಂದ ಮಾಹಿತಿ ಚೀಟಿಯ ಬಗ್ಗೆ ಗಂಭೀರ ಆಕ್ಷೇಪವಿದೆ.

ಒದ್ದೆ ಕಾಗದದಲ್ಲಿ ಸುತ್ತಿ ಕಳುಹಿಸಿದ್ದ ದಂಟುಗಳು ಹಸಿರಾಗಿಯೇ ತಲುಪಿದವು. ಪ್ರತಿ ಗೆಣ್ಣಿನ ಸುತ್ತಲೂ ಎಲೆಗಳು ಬಳೆಯಂತೆ ಜೋಡಿಕೊಂಡಿದ್ದವು. ಒಂದು ಎಲೆಯನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿದಾಗ, ಅದು ಎರಡು ಬಾರಿ ಕವಲೊಡೆದಿರುವುದೂ ಅಂಚಿನಲ್ಲಿ ಸಣ್ಣ ಮುಳ್ಳುಹಲ್ಲುಗಳಿರುವುದೂ ಕಂಡಿತು. ಇವು ತೊಟ್ಟಿಯ ಹಾರ್ನ್‌ವರ್ಟ್‌ನ, ವೈಜ್ಞಾನಿಕ ಹೆಸರಲ್ಲಿ ಸೆರಾಟೋಫಿಲಮ್ ಡಿಮರ್ಸಮ್‌ನ, ಗುರುತುಗಳು. ಅದೇ ಕುಲದ ಸೆರಾಟೋಫಿಲಮ್ ಸಬ್‌ಮರ್ಸಮ್‌ನ ಎಲೆಗಳು ಇನ್ನೂ ಹೆಚ್ಚು ಬಾರಿ ಕವಲೊಡೆಯುತ್ತವೆ, ಮುಟ್ಟಿದರೆ ಮೃದುವಾಗಿರುತ್ತವೆ. ಮೊದಲ ವಾರ ಹೊಸ ನೀರಿಗೆ ಒಗ್ಗದೆ ಎಲೆಗಳು ಸೂಜಿಗಳಂತೆ ಉದುರಿ ತಳದಲ್ಲಿ ರಾಶಿಬಿದ್ದವು. ಬಳಿಕ ತುದಿಗಳು ಚಿಗುರಿ, ಈಗ ವಾರಕ್ಕೊಮ್ಮೆ ಕತ್ತರಿಸಬೇಕಾಗುತ್ತಿದೆ. ಬೇರೇ ಇಲ್ಲದ ಈ ಗಿಡ ಪೋಷಕಾಂಶಗಳನ್ನು ನೇರವಾಗಿ ನೀರಿನಿಂದಲೇ ಹೀರುವುದರಿಂದ, ಗಾಜಿನ ಮೇಲಿನ ಪಾಚಿಯೂ ಕಡಿಮೆಯಾಗಿದೆ.

ಚೀಟಿಯಲ್ಲಿ ಮಾತ್ರ ‘ತೇವವಾದ ಮಣ್ಣಿನ ಮೇಲೆ ಹರಡಿ, ನೀರಿನಲ್ಲಿ ಮುಳುಗಿಸಬೇಡಿ, ಬೀಜಾಣುಗಳಿಂದ ವೃದ್ಧಿಯಾಗುತ್ತದೆ’ ಎಂದು ಅಚ್ಚಾಗಿತ್ತು. ಇದು ಅದೇ ಹೆಸರಿನ ಇನ್ನೊಂದು ಸಸ್ಯಗುಂಪಿನ, ಅಂದರೆ ಹಾವಸೆಗಳ ದೂರದ ಬಂಧುವಾದ ಆಂಥೋಸೆರಾಸ್ ಮತ್ತದರ ಸಂಗಾತಿಗಳ, ವಿವರಣೆ. ಅವು ಹೂಬಿಡುವುದಿಲ್ಲ, ನೆಲಕ್ಕಂಟಿದ ಹಸಿರು ಹಾಳೆಯಿಂದ ಬೀಜಾಣುಗಳನ್ನು ಹೊತ್ತ ಕೊಂಬಿನಂಥ ಭಾಗ ಮೇಲೆದ್ದು, ಬುಡದಿಂದ ಬೆಳೆಯುತ್ತಲೇ ತುದಿಯಿಂದ ಉದ್ದಕ್ಕೆ ಸೀಳಿಕೊಳ್ಳುತ್ತದೆ. ಆ ಹಾಳೆಯೊಳಗಿನ ಪೊಳ್ಳುಗಳಲ್ಲಿ ನಾಸ್ಟಾಕ್ ಎಂಬ ನೀಲಿಹಸಿರು ಪಾಚಿ ನೆಲೆಸಿ ಸಾರಜನಕವನ್ನು ಒದಗಿಸುತ್ತದೆ. ನನ್ನ ಮೆಚ್ಚಿನ ಸಸ್ಯಗಳವು, ಆದರೆ ತೊಟ್ಟಿಗೆ ಸಲ್ಲುವಂಥವಲ್ಲ. ಸೆರಾಟೋಫಿಲಮ್ ನೀರಿನೊಳಗೇ ಹೂಬಿಟ್ಟು, ಅಲ್ಲಿಯೇ ಪರಾಗಸ್ಪರ್ಶ ನಡೆಸುವ ಹೂಗಿಡ. ಎರಡಕ್ಕೂ ಕೊಂಬನ್ನು ಸೂಚಿಸುವ ಗ್ರೀಕ್ ಪದದಿಂದಲೇ ಕುಲದ ಹೆಸರು ಬಂದಿದ್ದು, ಲಿನೇಯಸ್ 1753ರಲ್ಲಿಯೇ ಎರಡು ಕುಲಗಳನ್ನೂ ಬೇರೆಬೇರೆಯಾಗಿ ದಾಖಲಿಸಿದ್ದರು.

ಹೊಸಬರು ಈ ಚೀಟಿಯನ್ನು ನಂಬಿ ಗಿಡವನ್ನು ಮಣ್ಣಿನ ಮೇಲಿಟ್ಟರೆ ಅದು ಬೇಗನೆ ಒಣಗಿಹೋಗುತ್ತದೆ. ಆದ್ದರಿಂದ ಗಿಡಕ್ಕೆ ಐದಕ್ಕೆ ಐದು ಅಂಕ ಕೊಟ್ಟರೂ ಚೀಟಿಗೆ ಒಂದಕ್ಕಿಂತ ಹೆಚ್ಚು ಕೊಡಲಾರೆ. ವೈಜ್ಞಾನಿಕ ಹೆಸರನ್ನು ಪೊಟ್ಟಣದ ಮೇಲೆಯೇ ಅಚ್ಚುಹಾಕಿ ಎಂದು ಮಾರಾಟಗಾರರಿಗೆ ಬರೆದಿದ್ದೇನೆ. ಕತ್ತರಿಸಿದ ತುದಿಗಳನ್ನು ಗೆಳೆಯರಿಗೆ ಕೊಡುವಾಗ ನಾನೂ ಆ ಎರಡು ಪದಗಳನ್ನು ಬರೆದೇ ಕೊಡುತ್ತಿದ್ದೇನೆ.